ಸ್ಲ್ಯಾಬ್ ಒಳಗಿನ ಲೆಕ್ಕ: ಸೂಡಿಯ ಒಂದು ಮನೆಗೆ ಎಷ್ಟು ಕಬ್ಬಿಣ ಬೇಕು, 1.20 ಲಕ್ಷದಲ್ಲಿ ಎಷ್ಟು ಬರ್ತದೆ?

ಗಜೇಂದ್ರಗಡ ತಾಲ್ಲೂಕಿನ ಸೂಡಿಗೆ ಹೋದವರು ಮೊದಲು ನೋಡೋದು ಜೋಡು ಕಳಸದ ಗುಡಿ. ಕಲ್ಯಾಣ ಚಾಲುಕ್ಯರ ಕಾಲದ್ದು, 11ನೇ ಶತಮಾನದ ಕಟ್ಟಡ. ಎರಡು ಗರ್ಭಗುಡಿ, ಎರಡು ಶಿಖರ, ನಡುವೆ ಮಂಟಪ. ಮಂಟಪದಲ್ಲಿ ನಿಂತು ತಲೆ ಎತ್ತಿದರೆ ಕಂಬದಿಂದ ಕಂಬಕ್ಕೆ ಅಡ್ಡ ಇಟ್ಟ ಕಲ್ಲಿನ ತೊಲೆಗಳು ಕಾಣ್ತವೆ. ಕಂಬಗಳ ನಡುವಿನ ಅಂತರ ಕಡಿಮೆ. ಇದು ಅಂದಕ್ಕೆ ಮಾತ್ರ ಮಾಡಿದ್ದಲ್ಲ, ಕಲ್ಲಿನ ಗುಣಕ್ಕೆ ತಕ್ಕಂತೆ ಮಾಡಿದ್ದು. ಕಲ್ಲು ಒತ್ತಡವನ್ನು ಚೆನ್ನಾಗಿ ತಡೀತದೆ. ಆದರೆ ಎಳೆತ ತಡೆಯೋ ಶಕ್ತಿ ಅದಕ್ಕೆ ಕಡಿಮೆ. ಎರಡು ಕಂಬದ ಮೇಲೆ ಮಲಗಿಸಿದ ತೊಲೆ ತನ್ನ ಭಾರಕ್ಕೆ ಚೂರು ಬಾಗಿದರೂ ಅದರ ಕೆಳಮೈ ಎಳೆತಕ್ಕೆ ಸಿಗ್ತದೆ. ಅಂತರ ಹೆಚ್ಚಾದರೆ ಅಲ್ಲೇ ಸೀಳು ಬಿಡ್ತದೆ. ಅದಕ್ಕೇ ಕಂಬ ಹತ್ತಿರ ಹತ್ತಿರ.

ಈಗ ನಮ್ಮ ಊರುಗಳಲ್ಲಿ ಏಳುತ್ತಿರುವ ಮನೆಗಳನ್ನು ನೋಡಿ. 10 ಅಡಿ ಅಗಲದ ಕೋಣೆ, ನಡುವೆ ಒಂದೂ ಕಂಬ ಇಲ್ಲ, ಮೇಲೆ 5 ಇಂಚಿನ ಸ್ಲ್ಯಾಬ್. ಕಾಂಕ್ರೀಟ್ ಕೂಡ ಕಲ್ಲಿನ ಜಾತಿಯದ್ದೇ. ಅದರ ಎಳೆತದ ಶಕ್ತಿ ಒತ್ತಡದ ಶಕ್ತಿಯ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಹಾಗಾದರೆ ಸ್ಲ್ಯಾಬ್ ನಿಂತಿರೋದು ಹೇಗೆ? ಒಳಗೆ ಕಬ್ಬಿಣದ ರಾಡ್ ಇರೋದರಿಂದ. ಬಾಗುವ ಸ್ಲ್ಯಾಬ್‌ನ ಕೆಳಮೈಯ ಎಳೆತವನ್ನೆಲ್ಲ ಹೊರೋದು ರಾಡ್. ಸ್ಲ್ಯಾಬ್ ಲೆಕ್ಕ ಹಾಕುವಾಗ ಎಂಜಿನಿಯರುಗಳು ಕಾಂಕ್ರೀಟಿನ ಎಳೆತದ ಶಕ್ತಿಯನ್ನು ಸೊನ್ನೆ ಅಂತಲೇ ಹಿಡೀತಾರೆ.

ಅಂದರೆ ಮನೆಯವರ ತಲೆ ಮೇಲಿನ ಭಾರ ನಿಂತಿರೋದು ಕಣ್ಣಿಗೆ ಕಾಣದ ಒಂದು ವಸ್ತುವಿನ ಮೇಲೆ. ಸ್ಲ್ಯಾಬ್ ಹಾಕಿದ ದಿನ ಸಂಜೆಯ ಹೊತ್ತಿಗೆ ಅದು ಮುಚ್ಚಿಹೋಗ್ತದೆ. ಆಮೇಲೆ ಎಷ್ಟಿದೆ ಅಂತ ಎಣಿಸೋದು ಮನೆಯವರ ಕೈಲಿ ಆಗೋ ಕೆಲಸ ಅಲ್ಲ. ಹಣ ಕಡಿಮೆ ಬಿದ್ದಾಗ, ಅಥವಾ ಯಾರೋ ಹಣ ಹೊಡೆಯಬೇಕು ಅಂದಾಗ, ಮೊದಲು ಕೈ ಹೋಗೋದು ಇಲ್ಲಿಗೇ. ಹಾಗಾಗಿ ಕಬ್ಬಿಣದ ಲೆಕ್ಕವನ್ನು ಗೌಂಡಿ, ಎಂಜಿನಿಯರ್, ಗುತ್ತಿಗೆದಾರರಿಗೆ ಬಿಟ್ಟು ಸುಮ್ಮನಿರೋದು ಸರಿಯಲ್ಲ. ಇದು ಎಂಟನೇ ಕ್ಲಾಸಿನ ಗಣಿತ. ಬನ್ನಿ, ಕೂತು ಹಾಕೋಣ.

ಒಂದೇ ಸೂತ್ರ: 162

ಕಬ್ಬಿಣವನ್ನು ಕೆಜಿಯಲ್ಲಿ ಕೊಳ್ತೀವಿ, ಆದರೆ ಕಟ್ಟುವಾಗ ಅಳೆಯೋದು ಮೀಟರಿನಲ್ಲಿ, ಅಡಿಯಲ್ಲಿ. ಉದ್ದವನ್ನು ತೂಕಕ್ಕೆ ತಿರುಗಿಸೋದು ಗೊತ್ತಾದರೆ ಅರ್ಧ ಕೆಲಸ ಮುಗೀತು. ಅದಕ್ಕೊಂದು ಸರಳ ಸೂತ್ರ ಇದೆ: ರಾಡಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಳ್ಳಿ, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಬರುವುದು ಒಂದು ಮೀಟರ್ ರಾಡಿನ ತೂಕ, ಕೆಜಿಯಲ್ಲಿ.

162 ಎಲ್ಲಿಂದ ಬಂತು? ಒಂದು ಘನ ಮೀಟರ್ ಉಕ್ಕಿನ ತೂಕ 7,850 ಕೆಜಿ. ದುಂಡಗಿನ ರಾಡಿನ ಅಡ್ಡ ಕೊಯ್ತದ ವಿಸ್ತೀರ್ಣವನ್ನು ಇದರಿಂದ ಗುಣಿಸಿ ಸರಳ ಮಾಡಿದರೆ ಉಳಿಯೋದೇ 162.

8 ಎಂಎಂ ರಾಡು: ಮೀಟರಿಗೆ 0.395 ಕೆಜಿ, 12 ಮೀಟರಿನ ಪೂರ್ತಿ ರಾಡು 4.74 ಕೆಜಿ.
10 ಎಂಎಂ: ಮೀಟರಿಗೆ 0.617 ಕೆಜಿ, ಪೂರ್ತಿ ರಾಡು 7.4 ಕೆಜಿ.
12 ಎಂಎಂ: ಮೀಟರಿಗೆ 0.889 ಕೆಜಿ, ಪೂರ್ತಿ ರಾಡು 10.67 ಕೆಜಿ.
16 ಎಂಎಂ: ಮೀಟರಿಗೆ 1.58 ಕೆಜಿ, ಪೂರ್ತಿ ರಾಡು ಸುಮಾರು 19 ಕೆಜಿ.

ಇದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ರಾಡನ್ನು ತೂಕದ ಬದಲು ಪೀಸ್ ಲೆಕ್ಕದಲ್ಲಿ ಕೊಡ್ತೀನಿ ಅಂದರೆ, ಒಂದು ರಾಡು ತೂಗಿಸಿ ನೋಡಿ. ಸರಳುಗಳಿಗೆ ಇರುವ ಭಾರತೀಯ ಮಾನಕ ಐಎಸ್ 1786. ಅದರ ಪ್ರಕಾರ 10 ಎಂಎಂ ಮತ್ತು ಅದಕ್ಕಿಂತ ಸಣ್ಣ ರಾಡಿನ ತೂಕದಲ್ಲಿ ಶೇ. 7, ಅದರ ಮೇಲೆ 16 ಎಂಎಂವರೆಗೆ ಶೇ. 5, ಇನ್ನೂ ದಪ್ಪದ್ದರಲ್ಲಿ ಶೇ. 3ರಷ್ಟು ಹೆಚ್ಚು ಕಡಿಮೆ ಆಗಬಹುದು. 7.4 ಕೆಜಿ ಇರಬೇಕಾದ 10 ಎಂಎಂ ರಾಡುಗಳು ಸರಾಸರಿ 6.9 ಕೆಜಿಗಿಂತ ಕೆಳಗೆ ತೂಗಿದರೆ, ಅದು 10 ಎಂಎಂ ಅಂತ ಹೆಸರಿಟ್ಟ ಸಪೂರ ರಾಡು. ಪೀಸ್ ಲೆಕ್ಕದಲ್ಲಿ ಕೊಂಡರೆ ಹಣವೂ ಹೋಯ್ತು, ಸ್ಲ್ಯಾಬಿನ ಶಕ್ತಿಯೂ ಹೋಯ್ತು.

ಈಗ ಒಂದು ಮನೆ ಕಟ್ಟೋಣ, ಕಾಗದದ ಮೇಲೆ

ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್. ಅದಕ್ಕೆ ಹತ್ತಿರದ ಒಂದು ಮನೆ ತೆಗೆದುಕೊಳ್ಳೋಣ. ಹೊರ ಅಳತೆ 3.6 ಮೀಟರ್ ಅಗಲ, 7.2 ಮೀಟರ್ ಉದ್ದ. ಅಂದರೆ ಸುಮಾರು 12 ಅಡಿಗೆ 24 ಅಡಿ. 1 ಅಡಿ ದಪ್ಪದ ಗೋಡೆ, ನಡುವೆ ಒಂದು ಅಡ್ಡಗೋಡೆ, ಎರಡು ಕೋಣೆ. ಮೇಲೆ 125 ಎಂಎಂ, ಅಂದರೆ 5 ಇಂಚಿನ ಸ್ಲ್ಯಾಬ್. ಬಾಗಿಲು, ಕಿಟಕಿಗಳ ಮೇಲೆ ಮನೆ ಸುತ್ತ ಓಡುವ ಲಿಂಟಲ್ ಬೆಲ್ಟ್. ನಕ್ಷೆಯಲ್ಲಿ ಹೀಗಿದೆ ಅಂತ ಇಟ್ಟುಕೊಳ್ಳಿ: ಅಗಲದ ದಿಕ್ಕಿಗೆ 10 ಎಂಎಂ ಮುಖ್ಯ ರಾಡು, 150 ಎಂಎಂಗೆ ಒಂದರಂತೆ. ಉದ್ದದ ದಿಕ್ಕಿಗೆ 8 ಎಂಎಂ ಅಡ್ಡ ರಾಡು, 200 ಎಂಎಂಗೆ ಒಂದರಂತೆ.

ಇದು ಲೆಕ್ಕ ಕಲಿಯೋಕೆ ಹಿಡಿದ ಉದಾಹರಣೆ. ನಿಮ್ಮ ಮನೆಗೆ ಯಾವ ರಾಡು, ಎಷ್ಟು ಅಂತರ ಅನ್ನೋದನ್ನು ಕೋಣೆಯ ಅಗಲ, ಗೋಡೆ, ಮೇಲಿನ ಭಾರ ನೋಡಿ ಎಂಜಿನಿಯರೇ ಹೇಳಬೇಕು.

*ಮುಖ್ಯ ರಾಡು.* ಮನೆಯ ಉದ್ದ 7.2 ಮೀಟರ್. ಎರಡೂ ತುದಿಯಲ್ಲಿ ಕವರ್ ಬಿಟ್ಟರೆ 7.15 ಮೀಟರ್. ಅದನ್ನು 0.15ರಿಂದ ಭಾಗಿಸಿದರೆ 47.67. ಮೇಲಕ್ಕೆ ಹಿಡಿದರೆ 48 ಅಂತರ. ಬೇಲಿಗೆ ಕಂಬ ನೆಟ್ಟವರಿಗೆ ಗೊತ್ತಿರೋ ಹಾಗೆ, 48 ಅಂತರಕ್ಕೆ 49 ರಾಡು. ಒಂದೊಂದರ ಉದ್ದ ಬಾಗು, ಮಡಿಕೆ ಸೇರಿ 3.7 ಮೀಟರ್. 49 × 3.7 = 181.3 ಮೀಟರ್. ಇದನ್ನು 0.617ರಿಂದ ಗುಣಿಸಿದರೆ 112 ಕೆಜಿ.

*ಅಡ್ಡ ರಾಡು.* ಕವರ್ ಬಿಟ್ಟು ಅಗಲ 3.55 ಮೀಟರ್. 0.2ರಿಂದ ಭಾಗಿಸಿ, ಮೇಲಕ್ಕೆ ಹಿಡಿದು, ಒಂದು ಸೇರಿಸಿದರೆ 19 ರಾಡು. 19 × 7.15 × 0.395 = ಸುಮಾರು 54 ಕೆಜಿ.

*ಮೇಲಿನ ರಾಡು.* ಸ್ಲ್ಯಾಬ್ ಗೋಡೆ ದಾಟುವ ಕಡೆ ಎಳೆತ ಕೆಳಗಿಂದ ಮೇಲಕ್ಕೆ ಬರ್ತದೆ. ಅಡ್ಡಗೋಡೆಯ ಮೇಲೆ 1.8 ಮೀಟರಿನ 8 ಎಂಎಂ ತುಂಡು 19. ಅಂಚುಗಳಲ್ಲಿ ಮೇಲಕ್ಕೆ ಬಾಗಿದ ರಾಡುಗಳನ್ನು ಹಿಡಿಯೋಕೆ ಉದ್ದುದ್ದ ರಾಡು 6. ಎರಡೂ ಸೇರಿ 30 ಕೆಜಿ. ಅಂದಾಜು ಪಟ್ಟಿಯಲ್ಲಿ ಮರೆತುಹೋಗೋದು ಹೆಚ್ಚಾಗಿ ಇದೇ.

*ಲಿಂಟಲ್ ಬೆಲ್ಟ್.* ಗೋಡೆಗಳ ಒಟ್ಟು ಉದ್ದ 23.4 ಮೀಟರ್. 10 ಎಂಎಂ ರಾಡು ನಾಲ್ಕು, ಮೂಲೆ ಮತ್ತು ಜೋಡಣೆಗೆ ಶೇ. 10 ಹೆಚ್ಚು: 103 ಮೀಟರ್, 64 ಕೆಜಿ. 200 ಎಂಎಂಗೆ ಒಂದರಂತೆ 8 ಎಂಎಂ ರಿಂಗು 118, ಒಂದಕ್ಕೆ 0.81 ಮೀಟರ್: 38 ಕೆಜಿ. ಒಟ್ಟು 102.

ಎಲ್ಲ ಕೂಡಿಸಿ: 112 + 54 + 30 + 102 = 298 ಕೆಜಿ. ಇದರ ಮೇಲೆ ಕತ್ತರಿಸುವಾಗ ಆಗುವ ನಷ್ಟಕ್ಕೆ ಶೇ. 5. ಈ ನಷ್ಟ ಸುಮ್ಮನೆ ಹಾಕಿದ್ದಲ್ಲ. 12 ಮೀಟರಿನ ರಾಡಿನಲ್ಲಿ 3.7 ಮೀಟರಿನ ತುಂಡು ಮೂರು ಬರ್ತವೆ, 0.9 ಮೀಟರ್ ಉಳೀತದೆ. 16 ರಾಡು ಹೀಗೆ ಕತ್ತರಿಸಿದರೆ ಉಳಿಯೋ ತುಂಡುಗಳ ತೂಕವೇ 9 ಕೆಜಿ. ಜಾಣ ಗೌಂಡಿ ಆ ತುಂಡುಗಳಿಂದ ರಿಂಗಿಗೋ ಜೋಡಣೆಗೋ ಏನಾದರೂ ಮಾಡ್ಕೋತಾನೆ. ಒಟ್ಟಿನಲ್ಲಿ 313 ಕೆಜಿ. ಹಳ್ಳಿ ಮಾತಲ್ಲಿ ಮೂರು ಕ್ವಿಂಟಲ್ ಮೇಲೆ ಚೂರು.

ಲೆಕ್ಕ ಸರಿ ಬಂತಾ ಅಂತ ನೋಡೋಕೆ ಇನ್ನೊಂದು ದಾರಿ ಇದೆ. ಒಂದು ಘನ ಮೀಟರ್ ಕಾಂಕ್ರೀಟಿನಲ್ಲಿ ಶೇ. 1ರಷ್ಟು ಉಕ್ಕು ಅಂದರೆ 78.5 ಕೆಜಿ. ಸಾಮಾನ್ಯ ಮನೆಗಳ ಸ್ಲ್ಯಾಬಿನಲ್ಲಿ ಶೇ. 0.7ರಿಂದ 1, ಬೀಮಿನಲ್ಲಿ ಶೇ. 1ರಿಂದ 2, ಬುನಾದಿಯ ಫುಟಿಂಗಿನಲ್ಲಿ ಶೇ. 0.5ರಿಂದ 0.8 ಅನ್ನೋದು ಅಂದಾಜು ಹಾಕೋರ ರೂಢಿ. ನಮ್ಮ ಸ್ಲ್ಯಾಬಿನಲ್ಲಿ 3.24 ಘನ ಮೀಟರ್ ಕಾಂಕ್ರೀಟು, 196 ಕೆಜಿ ಉಕ್ಕು. ಘನ ಮೀಟರಿಗೆ 60 ಕೆಜಿ, ಶೇ. 0.77. ರೂಢಿಯೊಳಗೇ ಇದೆ. ಯಾರಾದರೂ ಇದೇ ಸ್ಲ್ಯಾಬಿಗೆ ಎರಡು ಕ್ವಿಂಟಲ್ ಬದಲು ಐದು ಕ್ವಿಂಟಲ್ ಹೇಳಿದರೂ, ಒಂದೇ ಕ್ವಿಂಟಲ್ ಸಾಕು ಅಂದರೂ ಪಟ್ಟಿ ತೋರಿಸಿ ಅಂತ ಕೇಳೋಕೆ ಇಷ್ಟು ಗೊತ್ತಿದ್ದರೆ ಸಾಕು.

ಇನ್ನು ರೊಕ್ಕದ ಮಾತು

ರಾಡಿನ ದರ ಊರಿಂದ ಊರಿಗೆ, ಕಂಪನಿಯಿಂದ ಕಂಪನಿಗೆ, ವಾರದಿಂದ ವಾರಕ್ಕೆ ಬದಲಾಗ್ತದೆ. ಲೆಕ್ಕಕ್ಕೆ ತೆರಿಗೆ ಸೇರಿ ಕೆಜಿಗೆ 65 ರೂಪಾಯಿ ಅಂತ ಹಿಡಿಯೋಣ. ನಿಮ್ಮೂರಿನ ಇವತ್ತಿನ ದರ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ.

313 ಕೆಜಿ × 65 = 20,345 ರೂಪಾಯಿ. ಬೈಂಡಿಂಗ್ ವೈರ್ ಟನ್ನಿಗೆ ಸುಮಾರು 10 ಕೆಜಿ ಬೇಕು, ನಮಗೆ 3 ಕೆಜಿ, 90ರಂತೆ 270. ಕತ್ತರಿಸಿ, ಬಾಗಿಸಿ, ಕಟ್ಟೋ ಕೂಲಿ ಕೆಜಿಗೆ 10 ಅಂದರೂ 3,130. ಒಟ್ಟು 23,745 ರೂಪಾಯಿ.

ಈಗ ಇದನ್ನು ಸರ್ಕಾರ ಕೊಡುವ ಹಣದ ಪಕ್ಕ ಇಡೋಣ. ಬಯಲು ಪ್ರದೇಶದಲ್ಲಿ ಆವಾಸ್ ಗ್ರಾಮೀಣ ಯೋಜನೆಯ ಸಹಾಯಧನ 1.20 ಲಕ್ಷ. ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯ ಸರ್ಕಾರ ಇನ್ನಷ್ಟು ಸೇರಿಸಿ ಕೊಡ್ತದೆ. ಆದರೂ ಮೂಲ ಮೊತ್ತವನ್ನೇ ಹಿಡಿದರೆ, ಕಬ್ಬಿಣ ಒಂದಕ್ಕೇ ಐದನೇ ಒಂದು ಭಾಗ ಹೋಯ್ತು. ಸಿಮೆಂಟು, ಮರಳು, ಜಲ್ಲಿ, ಕಲ್ಲು, ಸೆಂಟ್ರಿಂಗ್ ಬಾಡಿಗೆ, ಬಾಗಿಲು, ಕಿಟಕಿ, ಗೌಂಡಿ ಕೂಲಿ, ಕರೆಂಟು, ನೀರು, ಶೌಚಾಲಯ ಎಲ್ಲ ಇನ್ನೂ ಬಾಕಿ.

ಈ 1.20 ಲಕ್ಷ ನಿಗದಿಯಾದದ್ದು 2016ರಲ್ಲಿ. ಅದಕ್ಕೂ ಮೊದಲು ಇಂದಿರಾ ಆವಾಸ್ ಯೋಜನೆಯಲ್ಲಿ 70 ಸಾವಿರ ಇತ್ತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಯೋಜನೆಯನ್ನು 2029ರವರೆಗೆ ಮುಂದುವರಿಸಿ, ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ಕೊಟ್ಟಿತು. ಸಂಖ್ಯೆ ದೊಡ್ಡದು, ಸುದ್ದಿಯಾಯ್ತು. ಆದರೆ ಒಂದು ಮನೆಗೆ ಕೊಡುವ ಮೊತ್ತ ಮಾತ್ರ ಅದೇ 1.20 ಲಕ್ಷ. 2016ರ ದರಕ್ಕೆ 2029ರ ಮನೆ.

ನಡುವೆ ಕಬ್ಬಿಣ ಏನು ಮಾಡ್ತು? 2022ರಲ್ಲಿ ಉಕ್ಕಿನ ದರ ಎಷ್ಟು ಏರಿತ್ತು ಅಂದರೆ, ಮೇ 22ರಿಂದ ಕೇಂದ್ರ ಸರ್ಕಾರವೇ ಹಲವು ಉಕ್ಕಿನ ಉತ್ಪನ್ನಗಳ ರಫ್ತಿನ ಮೇಲೆ ಶೇ. 15 ಸುಂಕ ಹಾಕಿತು, ದೇಶದೊಳಗೆ ದರ ಇಳೀಲಿ ಅಂತ. ಅದೇ ವರ್ಷ ನವೆಂಬರ್‌ನಲ್ಲಿ ಆ ಸುಂಕ ತೆಗೆಯಿತು. ಉಕ್ಕಿನ ದರ ಏರಿದರೆ ಸರ್ಕಾರಕ್ಕೆ ಗೊತ್ತಾಗ್ತದೆ, ಕ್ರಮವನ್ನೂ ತಗೊಳ್ತದೆ. ಆದರೆ ಫಲಾನುಭವಿಯ ಮೊತ್ತಕ್ಕೂ ಉಕ್ಕಿನ ದರಕ್ಕೂ ಯಾವ ಕೊಂಡಿಯನ್ನೂ ಇಟ್ಟಿಲ್ಲ. ಕೆಜಿಗೆ 10 ರೂಪಾಯಿ ಏರಿದರೆ ನಮ್ಮ ಈ ಚಿಕ್ಕ ಮನೆಗೆ 3,130 ರೂಪಾಯಿ ಹೆಚ್ಚು ಬೇಕು. ಅದನ್ನು ಕಟ್ಟೋರು ಮನೆಯವರೇ.

ತೆರಿಗೆಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಒಳ್ಳೇದೇ. ಕಬ್ಬಿಣದ ರಾಡಿನ ಮೇಲೆ ಮೊದಲೂ ಶೇ. 18, ಈಗಲೂ ಶೇ. 18. ನಮ್ಮ 20,345 ರೂಪಾಯಿಯ ಬಿಲ್ಲಿನಲ್ಲಿ ತೆರಿಗೆಯೇ ಸುಮಾರು 3,100. ಬಡವರ ಮನೆಗೆ ಅಂತ ಒಂದು ಕೈಯಲ್ಲಿ ಕೊಟ್ಟ ಹಣದಲ್ಲಿ ಇಷ್ಟು ಕಬ್ಬಿಣದ ಅಂಗಡಿಯ ಮೂಲಕ ಮತ್ತೆ ಖಜಾನೆಗೇ ವಾಪಸ್ ಹೋಗ್ತದೆ. ದೊಡ್ಡ ಬಿಲ್ಡರ್ ಅಪಾರ್ಟ್‌ಮೆಂಟಿಗೆ ಕಟ್ಟೋ ದರವೂ ಇದೇ, ಸೂಡಿಯ ಕೂಲಿಕಾರರು ಕಟ್ಟೋ ದರವೂ ಇದೇ.

ಹಾಗಾದರೆ ಒಂದು ಮನೆಗೆ ನಿಜವಾಗಿ ಎಷ್ಟು ಬೇಕು ಅಂತ ಸರ್ಕಾರಕ್ಕೆ ಗೊತ್ತಿಲ್ವಾ? ಗೊತ್ತಿದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರೋಣ, ನರಗುಂದ ಭಾಗದ ದಂಡೆಯ ಊರುಗಳಿಗೆ ನುಗ್ಗಿದಾಗ, ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ ಘೋಷಿಸಿದ ಪರಿಹಾರ 5 ಲಕ್ಷ. ಬಿದ್ದ ಮನೆ ಕಟ್ಟೋಕೆ 5 ಲಕ್ಷ ಬೇಕು ಅಂತ ಒಪ್ಪಿಕೊಂಡ ಅದೇ ವ್ಯವಸ್ಥೆ, ಮನೆಯೇ ಇಲ್ಲದವರಿಗೆ 1.20 ಲಕ್ಷದಲ್ಲಿ ಕಟ್ಟಿಕೋ ಅಂತಿದೆ.

ಕೊರತೆ ಎಲ್ಲಿ ಹೋಗಿ ಅಡಗ್ತದೆ?

ಹಣ ಸಾಲದಿದ್ದಾಗ ಜನ ಸಾಲ ಮಾಡ್ತಾರೆ. ಬಂಗಾರ ಅಡ ಇಡ್ತಾರೆ. ಸಂಘದಲ್ಲಿ ಎತ್ತುತ್ತಾರೆ. ಆಮೇಲೂ ಸಾಲದಿದ್ದರೆ ಮನೆಯಲ್ಲೇ ಏನಾದರೂ ಕಡಿಮೆ ಮಾಡಬೇಕು. ಬಾಗಿಲು ಕಡಿಮೆ ಮಾಡಿದರೆ ಕಾಣ್ತದೆ. ಗೋಡೆ ಗಿಡ್ಡ ಮಾಡಿದರೆ ಫೋಟೋದಲ್ಲಿ ಗೊತ್ತಾಗ್ತದೆ. ವಸತಿ ಯೋಜನೆಯ ಹಣ ಬಿಡುಗಡೆ ಆಗೋದು ಹಂತ ಹಂತವಾಗಿ: ತಳಪಾಯ, ಲಿಂಟಲ್, ಛಾವಣಿ, ಕೊನೆಗೆ ಪೂರ್ಣ. ಪ್ರತಿ ಹಂತಕ್ಕೂ ಜಾಗದ ಗುರುತಿನ ಸಮೇತ ಫೋಟೋ ತೆಗೆದು ಹಾಕಬೇಕು. ಆದರೆ ಛಾವಣಿಯ ಫೋಟೋದಲ್ಲಿ ಛಾವಣಿ ಕಾಣ್ತದೆ. ಒಳಗಿನ ಕಬ್ಬಿಣ ಕಾಣೋದಿಲ್ಲ.

ಅದಕ್ಕೇ ಕತ್ತರಿ ಬೀಳೋದು ಅಲ್ಲಿ. 150 ಎಂಎಂಗೆ ಒಂದು ರಾಡು ಹಾಕೋ ಬದಲು 200 ಎಂಎಂಗೆ ಒಂದು ಹಾಕಿದರೆ 49 ರಾಡು 37 ಆಗ್ತವೆ. ಉಳಿಯೋದು 12 ರಾಡು, 27 ಕೆಜಿ, ಹತ್ತಿರ ಹತ್ತಿರ 1,780 ರೂಪಾಯಿ. ಹೋಗೋದು? ಸ್ಲ್ಯಾಬಿನ ಎಳೆತ ಹೊರೋ ಶಕ್ತಿಯ ಕಾಲು ಭಾಗ. 10 ಎಂಎಂ ಜಾಗದಲ್ಲಿ ಅಷ್ಟೇ ಸಂಖ್ಯೆಯ 8 ಎಂಎಂ ಹಾಕಿದರೆ ಉಳಿಯೋದು 40 ಕೆಜಿ, 2,600 ರೂಪಾಯಿ. ಹೋಗೋದು ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಯಾಕಂದರೆ ರಾಡಿನ ಶಕ್ತಿ ವ್ಯಾಸದ ವರ್ಗಕ್ಕೆ ತಕ್ಕಂತೆ ಇರ್ತದೆ: 10ರ ವರ್ಗ 100, 8ರ ವರ್ಗ 64.

ಮನೆಯವರು ಬಡತನದಿಂದ ಇದನ್ನು ಮಾಡಿದರೆ ಅದರ ಹೊಣೆ 2016ರ ದರದಲ್ಲಿ ಕೂತ ಯೋಜನೆಯದ್ದು. ಆದರೆ ಅಂಗನವಾಡಿ, ಶಾಲಾ ಕೊಠಡಿ, ಚರಂಡಿ, ಸೇತುವೆಗೆ ಪೂರ್ತಿ ಹಣ ಬಂದ ಮೇಲೂ ಇದೇ ಆದರೆ ಅದರ ಹೆಸರು ಬೇರೆ. 2021ರ ಜುಲೈನಲ್ಲಿ ಕರ್ನಾಟಕ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು, ಕಾಮಗಾರಿಗಳಲ್ಲಿ ಶೇ. 40ರವರೆಗೆ ಕಮಿಷನ್ ಕೇಳಲಾಗ್ತಿದೆ ಅಂತ ಆರೋಪ ಮಾಡಿತ್ತು. ಆ ಆರೋಪದ ರಾಜಕೀಯವನ್ನು ನಾವೆಲ್ಲ ಚರ್ಚೆ ಮಾಡಿದ್ದೇವೆ, ಪೋಸ್ಟರ್‌ಗಳನ್ನೂ ನೋಡಿದ್ದೇವೆ. ಆದರೆ ಕಟ್ಟಡದ ಕಡೆಯಿಂದ ಒಂದು ಪ್ರಶ್ನೆ ಕೇಳೋದು ಬಿಟ್ಟಿದ್ದೇವೆ. ಒಂದು ಕಾಮಗಾರಿಯ ಹಣದಲ್ಲಿ ದೊಡ್ಡ ಪಾಲು ಹೊರಗೆ ಹೋದರೆ, ಉಳಿದ ಹಣದಲ್ಲಿ ಯಾವುದನ್ನು ಕಡಿಮೆ ಮಾಡಿ ಕೆಲಸ ಮುಗಿಸ್ತಾರೆ? ಬಣ್ಣ ಕಡಿಮೆ ಮಾಡೋದಿಲ್ಲ, ಉದ್ಘಾಟನೆಗೆ ಬೇಕು.

ಒಂದು ಶಾಲಾ ಕೊಠಡಿಯ ಅಂದಾಜಿನಲ್ಲಿ 1,200 ಕೆಜಿ ಕಬ್ಬಿಣ ಇದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಕಾಲು ಭಾಗ ಹಾಕದೆ ಬಿಲ್ಲು ಮಾತ್ರ ಪೂರ್ತಿ ಮಾಡಿದರೆ ಜೇಬಿಗೆ ಬೀಳೋದು 19,500 ರೂಪಾಯಿ. ಅಷ್ಟಕ್ಕೆ ಆ ಕೊಠಡಿಯ ಸ್ಲ್ಯಾಬಿನ ಕೆಳಗೆ ಪ್ರತಿ ದಿನ ಮಕ್ಕಳು ಕೂರಬೇಕು.

ಕೇಳೋದು ಹೇಗೆ?

ಸರ್ಕಾರಿ ಕಾಮಗಾರಿಯಲ್ಲಿ ಮೂರು ಕಾಗದಗಳ ಹೆಸರು ಗೊತ್ತಿರಲಿ. ಮೊದಲನೆಯದು ಅಂದಾಜು ಪಟ್ಟಿ, ಎಲ್ಲರೂ ಎಸ್ಟಿಮೇಟ್ ಅನ್ನೋದು. ಇದರಲ್ಲಿ ಕಾಂಕ್ರೀಟು ಘನ ಮೀಟರಿನಲ್ಲಿ, ಕಬ್ಬಿಣ ಬೇರೆಯೇ ಸಾಲಿನಲ್ಲಿ ತೂಕದಲ್ಲಿ ಇರ್ತದೆ. ದರ ಬರೋದು ಇಲಾಖೆಯ ದರಪಟ್ಟಿಯಿಂದ, ಎಸ್‌ಆರ್ ಅಂತಾರಲ್ಲ, ಅದು. ಎರಡನೆಯದು ಬಾರ್ ಬೆಂಡಿಂಗ್ ಶೆಡ್ಯೂಲ್. ನಾವು ಮೇಲೆ ಮಾಡಿದ್ದೇ ಅದು: ಯಾವ ರಾಡು, ಎಷ್ಟು ಉದ್ದ, ಎಷ್ಟು ಸಂಖ್ಯೆ, ಎಷ್ಟು ತೂಕ. ಮೂರನೆಯದು ಎಂಬಿ, ಅಳತೆ ಪುಸ್ತಕ. ನಿಜವಾಗಿ ಎಷ್ಟು ಕೆಲಸ ಆಯ್ತು ಅಂತ ಎಂಜಿನಿಯರ್ ಬರೆದು, ಬಿಲ್ಲು ಪಾಸಾಗೋದು ಇದರ ಮೇಲೆ.

ಮಾಹಿತಿ ಹಕ್ಕು ಕಾಯ್ದೆ 2005 ಅಂದರೆ ಜೆರಾಕ್ಸ್ ಕೇಳೋ ಹಕ್ಕು ಅಂತ ಮಾತ್ರ ನಮಗೆ ಗೊತ್ತು. ಆ ಕಾಯ್ದೆಯ ಸೆಕ್ಷನ್ 2(ಜೆ) ಓದಿ. ಅಲ್ಲಿ ಮಾಹಿತಿ ಹಕ್ಕಿನ ಅರ್ಥದಲ್ಲೇ ಕಾಮಗಾರಿಯನ್ನು ಪರಿಶೀಲಿಸೋ ಹಕ್ಕು, ಟಿಪ್ಪಣಿ ಮಾಡಿಕೊಳ್ಳೋ ಹಕ್ಕು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ತಗೊಳ್ಳೋ ಹಕ್ಕು ಸೇರಿವೆ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಿಮ್ಮೂರಿನಲ್ಲಿ ಶಾಲಾ ಕೊಠಡಿಯ ಬುನಾದಿ ತೋಡುತ್ತಿರೋವಾಗಲೇ ಅರ್ಜಿ ಹಾಕಿದರೆ ಸ್ಲ್ಯಾಬ್ ಹೊತ್ತಿಗೆ ಕಾಗದ ಕೈಯಲ್ಲಿರ್ತದೆ. ಸ್ಲ್ಯಾಬ್ ಬಿದ್ದ ಮೇಲೆ ಹಾಕಿದರೆ ಕಾಗದ ಮಾತ್ರ ಸಿಗ್ತದೆ, ಕಬ್ಬಿಣ ಕಾಣಲ್ಲ.

ಆ ದಿನ ನೋಡಬೇಕಾದದ್ದು ಜಾಸ್ತಿ ಏನಿಲ್ಲ. ಟೇಪ್ ಹಿಡಿದು ಒಂದು ಮೀಟರಿನೊಳಗೆ ಎಷ್ಟು ರಾಡು ಬರ್ತವೆ ಎಣಿಸಿ. ರಾಡಿನ ಮೈಮೇಲೆ ಅಚ್ಚಾದ ಕಂಪನಿ ಹೆಸರು, ದರ್ಜೆ, ಅಳತೆ ಓದಿ. ಕೆಳಗೆ ಕವರ್ ಬ್ಲಾಕ್ ಇಟ್ಟಿದ್ದಾರಾ, ರಾಡು ಸೆಂಟ್ರಿಂಗ್ ಹಲಗೆಗೆ ಅಂಟಿಕೊಂಡಿದೆಯಾ ನೋಡಿ. ಅಂಟಿಕೊಂಡಿದ್ದರೆ ಕೆಲವೇ ವರ್ಷಕ್ಕೆ ತುಕ್ಕು ಹಿಡಿದು ಸ್ಲ್ಯಾಬಿನ ಕೆಳಮೈ ಉದುರೋಕೆ ಶುರು. ಸಜ್ಜಾದಲ್ಲಿ ಮುಖ್ಯ ರಾಡು ಮೇಲ್ಗಡೆ ಇರಬೇಕು, ಕೆಳಗಲ್ಲ. ಗೋಡೆಯಿಂದ ಹೊರಗೆ ಚಾಚಿದ್ದು ಕೆಳಕ್ಕೆ ಜಗ್ಗುವಾಗ ಎಳೆತ ಬರೋದು ಮೇಲ್ಮೈಗೆ. ಕಾಂಕ್ರೀಟ್ ಹಾಕುವಾಗ ಆ ರಾಡಿನ ಮೇಲೆ ಕಾಲಿಟ್ಟು ತುಳಿದರೆ ಅದು ಕೆಳಗೆ ಕೂರ್ತದೆ. ತೂಕದ ಲೆಕ್ಕ ಪೂರ್ತಿ ಸರಿ ಇದ್ದರೂ ಸಜ್ಜಾ ಬೀಳ್ತದೆ. ಕೊನೆಗೆ ಟೇಪ್ ಕಾಣೋ ಹಾಗೆ ನಾಲ್ಕು ಫೋಟೋ ತೆಗೆದಿಡಿ.

ಇಲ್ಲೊಂದು ಎಚ್ಚರಿಕೆಯೂ ಬೇಕು. ಬಿಸಿಲಲ್ಲಿ ರಾಡು ಕಟ್ಟುತ್ತಿರೋ ಕೂಲಿಕಾರರ ಮೇಲೆ ಎಗರೋದು ಸುಲಭ. ಅಂತರ ಎಷ್ಟಿರಬೇಕು ಅಂತ ಅವರು ತೀರ್ಮಾನ ಮಾಡಿರೋದಿಲ್ಲ, ಕೊಟ್ಟ ಕಬ್ಬಿಣ ಕಟ್ಟುತ್ತಾರೆ. ಪ್ರಶ್ನೆ ಹೋಗಬೇಕಾದದ್ದು ಕಾಗದಕ್ಕೆ ಸಹಿ ಹಾಕಿದವರಿಗೆ. ಹಾಗೆಯೇ ಕಬ್ಬಿಣ ಜಾಸ್ತಿ ಹಾಕಿದಷ್ಟೂ ಗಟ್ಟಿ ಅನ್ನೋದೂ ತಪ್ಪು. ಬೀಮಿನಲ್ಲಿ ಮಿತಿ ಮೀರಿ ಹಾಕಿದರೆ ಅದು ಬಾಗಿ ಮುನ್ಸೂಚನೆ ಕೊಡದೆ ಒಮ್ಮೆಲೇ ಒಡೆಯಬಹುದು. ನಕ್ಷೆಯಲ್ಲಿ ಎಷ್ಟಿದೆಯೋ ಅಷ್ಟಿರಬೇಕು.

ಗ್ರಾಮಸಭೆಯಲ್ಲಿ ಒಂದು ಹಾಳೆ

ಮನೆ ವಿಷಯಕ್ಕೆ ಮತ್ತೆ ಬರೋಣ. ಗ್ರಾಮಸಭೆಗಳಲ್ಲಿ ವಸತಿ ಅಂದರೆ ಪಟ್ಟಿಯಲ್ಲಿ ಯಾರ ಹೆಸರು ಬಂತು, ಯಾರದ್ದು ಬಿಟ್ಟಿತು ಅನ್ನೋ ಜಗಳದಲ್ಲೇ ಹೊತ್ತು ಹೋಗ್ತದೆ. ಆ ಜಗಳ ಬೇಕಾದದ್ದೇ. ಅದರ ಜೊತೆಗೆ ಒಂದು ಹಾಳೆ ಇಡಿ. ನಿಮ್ಮೂರಿನ ಈ ತಿಂಗಳ ದರದಲ್ಲಿ 25 ಚದರ ಮೀಟರಿನ ಮನೆಗೆ ಕಬ್ಬಿಣ ಎಷ್ಟು, ಸಿಮೆಂಟ್ ಎಷ್ಟು, ಕೂಲಿ ಎಷ್ಟು ಅಂತ ಸಾಲು ಸಾಲಾಗಿ ಬರೆದ ಹಾಳೆ. ಕೊನೆಯ ಸಾಲಿನಲ್ಲಿ ಒಟ್ಟು, ಅದರ ಕೆಳಗೆ 1.20 ಲಕ್ಷ, ಅದರ ಕೆಳಗೆ ಕೊರತೆ. ಸಹಾಯಧನ ಸಾಲೋದಿಲ್ಲ ಅನ್ನೋ ಮಾತನ್ನು ಯಾವ ಶಾಸಕರೂ ತಲೆಯಾಡಿಸಿ ಕೇಳಿ ಹೋಗಬಹುದು. ಈ ಹಾಳೆ ನಿರ್ಣಯದ ಜೊತೆ ತಾಲ್ಲೂಕು ಪಂಚಾಯ್ತಿಗೆ, ಜಿಲ್ಲಾ ಪಂಚಾಯ್ತಿಗೆ ಹೋದರೆ ಅದಕ್ಕೆ ಉತ್ತರ ಬರೀಬೇಕಾಗ್ತದೆ. ಒಂದು ಊರಿನ ಹಾಳೆಯನ್ನು ಪಕ್ಕಕ್ಕಿಡಬಹುದು, ಗಜೇಂದ್ರಗಡ, ರೋಣ, ನರಗುಂದದ ಐವತ್ತು ಊರಿನ ಹಾಳೆ ಒಟ್ಟಿಗೆ ಬಂದರೆ ಅಷ್ಟು ಸುಲಭ ಅಲ್ಲ.

ಕೇಳಬೇಕಾದದ್ದೂ ಸ್ಪಷ್ಟ ಇರಲಿ. ಸಹಾಯಧನವನ್ನು ಇಲಾಖೆಯ ದರಪಟ್ಟಿಗೆ ಜೋಡಿಸಿ, ದರಪಟ್ಟಿ ಬದಲಾದಾಗ ಅದೂ ಬದಲಾಗಲಿ. ಗುತ್ತಿಗೆದಾರರಿಗೆ ಹೊಸ ದರ, ಫಲಾನುಭವಿಗೆ ಹಳೇ ದರ ಅನ್ನೋದು ಯಾವ ನ್ಯಾಯ? ಫಲಾನುಭವಿಯ ಮನೆಗೆ ಕೊಳ್ಳೋ ಕಬ್ಬಿಣದ ಜಿಎಸ್‌ಟಿ ವಾಪಸ್ ಕೊಡಿ. ಛಾವಣಿ ಹಂತದ ಫೋಟೋವನ್ನು ಸ್ಲ್ಯಾಬ್ ಹಾಕೋ ಮೊದಲು, ರಾಡು ಕಟ್ಟಿ ಮುಗಿಸಿದಾಗಲೂ ಒಂದು ತೆಗೀರಿ. ಆದರೆ ಆ ಫೋಟೋ ನೆಪದಲ್ಲಿ ಬಡವರ ಕಂತು ತಡೀಬೇಡಿ. ರಾಡು ಕಡಿಮೆ ಇದ್ದರೆ ರಾಡಿಗೆ ಹಣ ಕೊಡಿ.

ಸೂಡಿ ಒಂದು ಕಾಲದಲ್ಲಿ ಟಂಕಸಾಲೆ ಇದ್ದ ಊರು. ಕಲ್ಯಾಣ ಚಾಲುಕ್ಯರ ನಾಣ್ಯಗಳು ಇಲ್ಲಿ ಅಚ್ಚಾಗ್ತಿದ್ದವು. ಗುಡಿಗೆ ಎಷ್ಟು ಮತ್ತರು ಭೂಮಿ, ಎಷ್ಟು ಗದ್ಯಾಣ ಅಂತ ಆ ಕಾಲದ ದಾನವನ್ನು ಕಲ್ಲಿನಲ್ಲಿ ಕೊರೆದು, ದಾರಿಹೋಕರೂ ಓದೋ ಹಾಗೆ ನಿಲ್ಲಿಸುತ್ತಿದ್ದರು. ನಮ್ಮ ಕಾಲದ ಲೆಕ್ಕ ಸ್ಲ್ಯಾಬಿನೊಳಗೆ ಹೂತುಹೋಗಿದೆ. ಮುಂದಿನ ಸ್ಲ್ಯಾಬ್ ಹಾಕೋ ಮೊದಲು ಒಂದು ಟೇಪ್, ಒಂದು ತಕ್ಕಡಿ, 162 ಅನ್ನೋ ಒಂದು ಸಂಖ್ಯೆ ಜೊತೆಗಿಟ್ಟುಕೊಂಡು ಅಲ್ಲಿಗೆ ಹೋಗಿ.